ಹಟ್ಟಿಯ ಮೂಲೆಯಲ್ಲಿ ಒಂದು ಸೀಸ್ಮೋಗ್ರಾಫ್

2022ರ ಜೂನ್ ಕೊನೆಯಲ್ಲಿ ಒಂದು ದಿನ ಸುಳ್ಯದಿಂದ ದೊಡ್ಡಮ್ಮ ಫೋನ್ ಮಾಡಿದರು. "ಅಡುಗೆ ಕೋಣೆಯ ಪಾತ್ರೆ ಎಲ್ಲ ಗಡಗಡ ಅಂತ ಹೇಳಿತು ಮಾರಾಯ. ನಿಮ್ಮಲ್ಲಿ ಎಂತ ಗೊತ್ತಾಗ್ಲಿಲ್ವಾ?"

ನಮ್ಮಲ್ಲಿ ಏನೂ ಗೊತ್ತಾಗಿರಲಿಲ್ಲ. ನಾವಿರುವುದು ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ. ಸುಳ್ಯದ ಆಚೆಗೆ ನೇರ ಗೆರೆ ಎಳೆದರೆ ನೂರಿಪ್ಪತ್ತು ಕಿಲೋಮೀಟರ್ ಆದೀತು. ಆ ವಾರ ಸುಳ್ಯ ಮತ್ತು ಕೊಡಗಿನ ಚೆಂಬು ಕಡೆ ಸಣ್ಣ ಸಣ್ಣ ಕಂಪನಗಳು ಮತ್ತೆ ಮತ್ತೆ ಆದವು. ದೊಡ್ಡದೆಂದರೂ ತೀವ್ರತೆ 3ರ ಆಸುಪಾಸಿನದ್ದು. ಆದರೆ ಮಳೆಗಾಲದ ಮುಸುಕಿನಲ್ಲಿ ಗುಡ್ಡ ಯಾವಾಗ ಜಾರುತ್ತದೋ ಅಂತ ಕಾದು ಕೂತವರಿಗೆ ನೆಲವೇ ನಡುಗಿದರೆ ಹೇಗಾಗಬೇಡ. ಅಂದಹಾಗೆ ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನಕ ಐಎಸ್ 1893ರ 2016ರ ನಕ್ಷೆಯಲ್ಲಿ ನಾವು ಕರಾವಳಿಯವರು ಭೂಕಂಪ ವಲಯ 3ರಲ್ಲಿದ್ದೇವೆ, ಅಂಕಿ ಏರಿದಷ್ಟೂ ಅಪಾಯ ಜಾಸ್ತಿ. ಬೆಂಗಳೂರು ವಲಯ 2. ಇದು ನನಗೆ ಆಗ ಗೊತ್ತೇ ಇರಲಿಲ್ಲ. ನಮ್ಮ ಕಡೆ ಭಯ ಪಡುವುದಿದ್ದರೆ ಕಡಲಿಗೆ, ಸಿಡಿಲಿಗೆ, ಅಷ್ಟೇ ಅಲ್ವಾ.

ಫೋನ್ ಇಟ್ಟ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ನಮಗೆ ಗೊತ್ತಾಗದಿದ್ದರೂ ನೆಲಕ್ಕೆ ಗೊತ್ತಾಗಿರಬೇಕಲ್ಲ? ಅಷ್ಟು ದೂರದಿಂದ ಅದು ಇಲ್ಲಿಯವರೆಗೆ ಬಂದೇ ಹೋಗಿರಬೇಕಲ್ಲ?

ನಾನು ಭೂವಿಜ್ಞಾನದವನಲ್ಲ, ಇಲೆಕ್ಟ್ರಾನಿಕ್ಸಿನವನೂ ಅಲ್ಲ. ಹಗಲು ಲೆಕ್ಕಪತ್ರ ಬರೆಯುವ ಕೆಲಸ. ಆದರೆ ತೋಟಕ್ಕೆ ನೀರು ಬಿಡುವ ಟೈಮರ್ ಮಾಡಲು ತಂದ ಒಂದು ಆರ್ಡುಯಿನೋ ಊನೋ, ಅಂದರೆ ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಬೋರ್ಡ್, ಮನೆಯಲ್ಲಿತ್ತು. (ಆ ಟೈಮರ್ ಒಂದು ತಿಂಗಳು ಕೆಲಸ ಮಾಡಿತು. ಆಮೇಲೆ ಇರುವೆ ಗೂಡು ಕಟ್ಟಿತು. ಅದು ಬೇರೆ ಕಥೆ.)

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಯೂಟ್ಯೂಬಿನಲ್ಲಿ ಭೂಕಂಪ ಪತ್ತೆ ಯಂತ್ರ ಅಂತ ಹುಡುಕಿದರೆ ರಾಶಿ ವಿಡಿಯೋ ಬರುತ್ತವೆ. ಒಂದು ಆರ್ಡುಯಿನೋ, ಅಲುಗಾಟ ಅಳೆಯುವ ಒಂದು ಎಂಪಿಯು-6050 ಚಿಪ್, ಒಂದು ಬಜರ್. ಮೇಜಿಗೆ ಗುದ್ದಿದರೆ ಬಜರ್ ಕಿರುಚುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನೂ ಮಾಡಿದೆ, ನಮ್ಮದೂ ಕಿರುಚಿತು. ಆದರೆ ಅದು ಭೂಕಂಪ ಪತ್ತೆ ಯಂತ್ರ ಅಲ್ಲ, ಮೇಜು ಪತ್ತೆ ಯಂತ್ರ. ಆ ಚಿಪ್ಪು ಮೊಬೈಲ್ ತಿರುಗಿಸಿದ್ದು ಗೊತ್ತಾಗಲಿ ಅಂತ ಮಾಡಿದ ಜಾತಿಯದು. ಅದರ ಸ್ವಂತ ಗದ್ದಲವೇ ಗುರುತ್ವದ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಇರುತ್ತದೆ. ದೂರದ ಕಂಪನಗಳು ಬರುವುದು ಲಕ್ಷದಲ್ಲೊಂದು, ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಹಾಗೆ. ನಿಮ್ಮ ಮಗ ಶಾಲೆಯ ವಿಜ್ಞಾನ ಮೇಳಕ್ಕೆ ಮಾಡುವುದಾದರೆ ಮಾಡಲಿ, ಚೆಂದ ಉಂಟು. ಅದರಲ್ಲಿ ಭೂಕಂಪ ಹಿಡಿಯುತ್ತೇನೆ ಅಂತ ಮಾತ್ರ ಹೇಳಬೇಡಿ.

ನೆಲದ ಅಲುಗಾಟ ಬರೆದಿಡುವ ಸೀಸ್ಮೋಗ್ರಾಫಿಗೆ ಬೇಕಿರುವುದು ಒಂದು ಲೋಲಕ, ಅದೂ ತುಂಬ ನಿಧಾನವಾಗಿ ತೂಗುವಂಥದ್ದು. ನೆಲ ಅಲ್ಲಾಡುತ್ತದೆ, ತೂಕದ ವಸ್ತು ತನ್ನ ಜಡತ್ವದಿಂದ ಅಲ್ಲೇ ನಿಲ್ಲುತ್ತದೆ, ಇವೆರಡರ ನಡುವಿನ ವ್ಯತ್ಯಾಸ ಅಳೆಯುವುದು. ಮಾತು ಇಷ್ಟೇ. ಆದರೆ ದಾರದಲ್ಲಿ ಕಲ್ಲು ನೇತು ಹಾಕಿ 15 ಸೆಕೆಂಡಿಗೆ ಒಮ್ಮೆ ತೂಗುವ ಲೋಲಕ ಮಾಡಬೇಕಾದರೆ ದಾರ ಐವತ್ತಾರು ಮೀಟರ್ ಉದ್ದ ಬೇಕಾಗುತ್ತದೆ. ನಮ್ಮ ಬಾವಿಯೇ ಅಷ್ಟು ಆಳ ಇಲ್ಲ.

ಇದಕ್ಕೆ ಹಳೆಯ ಉಪಾಯವೊಂದಿದೆ. ಕಂಪೌಂಡ್ ಗೇಟು ನೋಡಿದ್ದೀರಲ್ಲ. ಅದರ ಕಂಬ ನೆಟ್ಟಗಿದ್ದರೆ ಗೇಟು ಬಿಟ್ಟಲ್ಲೇ ನಿಲ್ಲುತ್ತದೆ. ಕಂಬ ಸ್ವಲ್ಪ ವಾಲಿದರೆ ಗೇಟು ತಾನಾಗಿ ತಗ್ಗಿನ ಕಡೆ ನಿಧಾನ ಬಂದು ನಿಲ್ಲುತ್ತದೆ. ಎಷ್ಟು ಕಡಿಮೆ ವಾಲಿಕೆಯೋ ಅಷ್ಟು ನಿಧಾನ. ಮುಕ್ಕಾಲು ಮೀಟರ್ ಉದ್ದದ ಸಲಾಕೆ ಒಂದಿದ್ದರೆ ಸಾಕು, ಒಂದು ಡಿಗ್ರಿಗಿಂತಲೂ ಕಡಿಮೆ ವಾಲಿಸಿ 15 ಸೆಕೆಂಡಿನ ಲೋಲಕ ಮಾಡಬಹುದು. ಅಮೆರಿಕದ ಹವ್ಯಾಸಿಗಳು ಇದನ್ನು ಲೇಮನ್ ಸೀಸ್ಮೋಗ್ರಾಫ್ ಅನ್ನುತ್ತಾರೆ. ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಹವ್ಯಾಸಿಗಳ ಅಂಕಣದಲ್ಲಿ 1979ರಲ್ಲಿ ಬಂದ ವಿನ್ಯಾಸ. ನಮ್ಮ ಮನೆಯಲ್ಲಿ ಇದರ ಹೆಸರು "ಗೇಟು". ಅಮ್ಮ ಇಟ್ಟದ್ದು.

ಜಾಗ ಹುಡುಕುವುದು ಕಷ್ಟ ಆಗಲಿಲ್ಲ. ದನ ಮಾರಿ ಎಂಟು ವರ್ಷ ಆಯಿತು, ಹಟ್ಟಿ ಖಾಲಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ನೆಲಕ್ಕೆ ಹಳೆಯ ಗಟ್ಟಿ ಸಿಮೆಂಟ್. ಒಂದು ಮೂಲೆಯಲ್ಲಿ ತೆಂಗಿನ ಸಿಪ್ಪೆ, ಇನ್ನೊಂದು ಮೂಲೆ ನನ್ನದು.

ಸಲಾಕೆಗೆ ಅಲ್ಯೂಮಿನಿಯಂ ಪೈಪು. ತಿರುಗಣೆಗೆ ಸೈಕಲ್ ಅಂಗಡಿಯ ಬಾಲ್ಸ್, ಅದು ಒಂದು ಬ್ಲೇಡಿನ ಚಪ್ಪಟೆ ಮೈಗೆ ತಾಗಿ ನಿಲ್ಲುವ ಹಾಗೆ. ತುದಿಗೆ ತೂಕ ಬೇಕಲ್ಲ, ಹಳೆಯ ದಿನಸಿ ಅಂಗಡಿಯ ಎರಡು ಕಿಲೋದ ತೂಕದ ಬಟ್ಟು ಸಿಕ್ಕಿತು, ಕಟ್ಟಿದೆ. ಆಮೇಲೆ ಅಲುಗಾಟವನ್ನು ವಿದ್ಯುತ್ತಾಗಿಸಲು ತುದಿಯ ಹತ್ತಿರ ಅಯಸ್ಕಾಂತ ಇಡುತ್ತಿದ್ದಂತೆ ಸಲಾಕೆ ಪಟ್ಟಂತ ಹೋಗಿ ಅದಕ್ಕೆ ಅಂಟಿಕೊಂಡಿತು. ಬಟ್ಟು ಕಬ್ಬಿಣದ್ದು! ಇದನ್ನು ಕಟ್ಟುವಾಗ ಹೊಳೆಯಲಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಭಾರ ಇರಬೇಕು, ಅಯಸ್ಕಾಂತಕ್ಕೆ ಎಳೆಯಬಾರದು. ಪರಿಹಾರ ಮಲ್ಪೆಯಲ್ಲೇ ಇತ್ತು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳು. ಎರಡೂವರೆ ಕಿಲೋ ತಂದು ಒಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಕಟ್ಟಿದೆ. ಅಂಗಡಿಯವರು ಎಷ್ಟು ದೊಡ್ಡ ಬಲೆ ಅಂತ ಕೇಳಿದರು. ಸುಮ್ನೆ ತಲೆಯಾಡಿಸಿದೆ.

ಸುರುಳಿ ಇನ್ನೊಂದು ಗುಜರಿಯಿಂದ. ವಾಷಿಂಗ್ ಮೆಷಿನ್ನಿಗೆ ನೀರು ಬಿಡುವ ವಾಲ್ವ್ ಇರುತ್ತದಲ್ಲ, ಅದರ ಒಳಗಿನ ಸುರುಳಿಯಲ್ಲಿ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು ಇರುತ್ತದೆ. ರಿಪೇರಿಯವರ ಹತ್ತಿರ ಕೆಟ್ಟ ವಾಲ್ವ್ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಅಯಸ್ಕಾಂತ ಹಳೆಯ ಹಾರ್ಡ್ ಡಿಸ್ಕಿನದ್ದು. ಸುರುಳಿ ಸಲಾಕೆಯ ತುದಿಯಲ್ಲಿ, ಅಯಸ್ಕಾಂತ ನೆಲದ ಹಲಗೆಯಲ್ಲಿ. ನೆಲ ಅಲುಗಿದರೆ ಸುರುಳಿಯಲ್ಲಿ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಒಂದಿಷ್ಟು ಅಂದರೆ ಮೈಕ್ರೋವೋಲ್ಟ್ ಲೆಕ್ಕ.

ಇನ್ನೊಂದು ಕೆಲಸ ಇದೆ, ಅದನ್ನು ಬಿಟ್ಟರೆ ಇಡೀ ಯಂತ್ರ ದಂಡ. ಲೋಲಕವನ್ನು ಒಮ್ಮೆ ತಳ್ಳಿದರೆ ಅದು ತನ್ನ ಪಾಡಿಗೆ ಹತ್ತು ನಿಮಿಷ ತೂಗುತ್ತಲೇ ಇರುತ್ತದೆ. ಆಗ ಬರುವ ಗೆರೆ ನೆಲದ್ದೋ ಲೋಲಕದ್ದೋ ಅಂತ ಹೇಳುವ ಹಾಗಿಲ್ಲ. ಹೋಗಿ ಬಂದು ನಿಂತುಬಿಡಬೇಕು. ಅದಕ್ಕೆ ತಾಮ್ರದ ತಗಡನ್ನು ಅಯಸ್ಕಾಂತಗಳ ನಡುವೆ ಆಡಿಸುತ್ತಾರೆ. ತಗಡಿನಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಬ್ರೇಕ್ ಹಾಕಿದ ಹಾಗೆ ಮಾಡುತ್ತದೆ. ಮೊದಲು ತೆಳ್ಳಗಿನ ತಗಡು ಹಾಕಿ ನೋಡಿದೆ, ಏನೂ ಸಾಲಲಿಲ್ಲ, ದಪ್ಪ ಬೇಕು. ಬಚ್ಚಲಿನ ಹಳೆಯ ತಾಮ್ರದ ಹಂಡೆ ತೂತಾಗಿ ಅಟ್ಟ ಸೇರಿತ್ತು. ಅಮ್ಮನ ಹತ್ತಿರ ಅಂಗೈ ಅಗಲದ ತುಂಡು ಕೇಳಿದೆ. "ತಾಮ್ರಕ್ಕೆ ಈಗ ಕಿಲೋಗೆ ಎಷ್ಟುಂಟು ಗೊತ್ತುಂಟಾ ನಿನಗೆ?" ಅಂದರು. ಎರಡು ದಿನ ಬಿಟ್ಟು ತಾವೇ ಹಂಡೆ ಇಳಿಸಿ ಕೊಟ್ಟರು. ಆ ತುಂಡು ಈಗಲೂ ಕೆಲಸ ಮಾಡುತ್ತಿದೆ, ನೂರು ಮದುವೆಗೆ ನೀರು ಕಾಯಿಸಿದ ಹಂಡೆ ಅದು.

ಈಗ ಆರ್ಡುಯಿನೋ. ಜನ ಇದೇ ಕಷ್ಟದ ಭಾಗ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇದೇ ಸುಲಭದ್ದು. ಆದರೂ ನನ್ನನ್ನು ಮೂರು ಕಡೆ ಎಡವಿಸಿತು.

ಊನೋದ ಒಳಗಿನ ಅಳತೆ ಪಟ್ಟಿ 10 ಬಿಟ್ಟಿನದ್ದು. ಸೊನ್ನೆಯಿಂದ 5 ವೋಲ್ಟ್‌ವರೆಗೆ 1024 ಮೆಟ್ಟಿಲು, ಒಂದು ಮೆಟ್ಟಿಲಿಗೆ 4.9 ಮಿಲಿವೋಲ್ಟ್. ಸುರುಳಿಯಿಂದ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ನಡುವೆ ಆಪ್‌ಆಂಪ್ ಅನ್ನುವ ಒಂದು ವರ್ಧಕ ಚಿಪ್ ಹಾಕಿ ಸಾವಿರ ಪಟ್ಟು ದೊಡ್ಡದು ಮಾಡಬೇಕು. ಲೋಲಕ ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ, ಆದರೆ ಊನೋಗೆ ಸೊನ್ನೆಗಿಂತ ಕೆಳಗೆ ಕಣ್ಣು ಕಾಣುವುದಿಲ್ಲ. ಸಮ ಬೆಲೆಯ ಎರಡು ರೆಸಿಸ್ಟರ್ ಹಾಕಿ ಸೊನ್ನೆಯನ್ನು ಎರಡೂವರೆ ವೋಲ್ಟಿಗೆ ಎತ್ತಿ ಕೂರಿಸಿದೆ. ನಡುಗೆರೆ 512. ಅದರ ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ.

ಮೊದಲ ರಾತ್ರಿ ಬಂದದ್ದು ಬರೀ ಕರೆಂಟಿನ ಗುಂಯ್. ಮನೆಯ ತಂತಿಗಳಿಂದ 50 ಹರ್ಟ್ಸ್ ಬಂದು ಎಲ್ಲವನ್ನೂ ಮುಚ್ಚಿತ್ತು. ಇದಕ್ಕೆ ಒಂದು ಸೊಗಸಾದ ಉಪಾಯ ಇದೆ. ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್. ಸರಿಯಾಗಿ ಅಷ್ಟೇ ಹೊತ್ತು, ಇಲ್ಲವೇ ಅದರ ಐದು ಪಟ್ಟು, 100 ಮಿಲಿಸೆಕೆಂಡ್, ಒಂದೇ ಸಮನೆ ಓದುತ್ತಾ ಹೋಗಿ ಸರಾಸರಿ ತೆಗೆದರೆ ಗುಂಯ್‌ಗುಡುವಿಕೆಯ ಮೇಲಿನ ಅರ್ಧ ಕೆಳಗಿನ ಅರ್ಧಕ್ಕೆ ವಜಾ ಆಗಿ ಹೋಗುತ್ತದೆ. ಜಮಾ ಖರ್ಚು ಸರಿ. ಇದು ನನ್ನ ಕಸುಬಿನವರಿಗೆ ಕೂಡಲೇ ಅರ್ಥವಾಗುವ ವಿಷಯ. ಊನೋ ಒಂದು ಸಲ ಓದಲು 100 ಮೈಕ್ರೋಸೆಕೆಂಡಿಗಿಂತ ತುಸು ಜಾಸ್ತಿ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಹತ್ತಿರ 900 ಸಲ ಓದಬಹುದು. ಸರಾಸರಿಯಿಂದ ಇನ್ನೊಂದು ಲಾಭ, 10 ಬಿಟ್ಟಿನ ಒರಟು ಮೆಟ್ಟಿಲುಗಳ ನಡುವಿನ ಅಂತರವೂ ಸ್ವಲ್ಪ ಕಾಣತೊಡಗುತ್ತದೆ. ಸೆಕೆಂಡಿಗೆ 10 ಅಂಕಿ, ನಿಧಾನ ಅಲೆಗಳಿಗೆ ಧಾರಾಳ ಸಾಕು.

ಬರೆದೆ, ಓಡಿಸಿದೆ, ಗೆರೆ ಗರಗಸದ ಹಲ್ಲಿನ ಹಾಗೆ ಬಂತು. ಎರಡು ಸಂಜೆ ತಂತಿ ಬಿಚ್ಚಿ ಕಟ್ಟಿದ್ದೇ ಕಟ್ಟಿದ್ದು. ಆಪ್‌ಆಂಪ್ ಬದಲಿಸಿದೆ. ಅಯಸ್ಕಾಂತವನ್ನು ಬೈದೆ. ಮೂರನೇ ದಿನ ಗೊತ್ತಾಯಿತು, ಪ್ರೋಗ್ರಾಮಿನಲ್ಲಿ ಮೊತ್ತ ಕೂಡಿಸುವ ಜಾಗಕ್ಕೆ ನಾನು ಇಂಟ್ ಅನ್ನುವ ಸಣ್ಣ ಅಳತೆ ಕೊಟ್ಟಿದ್ದೆ. ಊನೋದಲ್ಲಿ ಇಂಟ್ ಅಂದರೆ 16 ಬಿಟ್, 32,767 ದಾಟಿದರೆ ಋಣ ಸಂಖ್ಯೆಗೆ ಪಲ್ಟಿ. 512ರ ಆಸುಪಾಸಿನ ಅಂಕಿ ಅರುವತ್ತನಾಲ್ಕು ಸಲ ಕೂಡಿಸಿದರೆ ಮುಗಿಯಿತು, ನಾನು ಕೂಡಿಸುತ್ತಿದ್ದದ್ದು ಒಂಬೈನೂರು ಸಲ. ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಅಂತ ತಿದ್ದಿದೆ, ಸರಿಹೋಯಿತು. ಹಗಲೆಲ್ಲ ಲೆಜರಿನ ಮೊತ್ತ ತಾಳೆ ನೋಡುವವನಿಗೆ ಕೂಡುವ ಕಾಲಮ್ಮು ಚಿಕ್ಕದಾಯಿತು ಅಂತ ಗೊತ್ತಾಗಲು ಮೂರು ದಿನ ಬೇಕಾಯಿತು ನೋಡಿ.

ಆಮೇಲೆ ಗಡಿಯಾರ. ಊನೋದ 16 ಮೆಗಾಹರ್ಟ್ಸ್ ಬಡಿತಕ್ಕೆ ಇರುವುದು ಸೆರಾಮಿಕ್ ರೆಸೊನೇಟರ್, ಅದು ಕೈಗಡಿಯಾರದ ಸ್ಫಟಿಕದಷ್ಟು ನಿಖರ ಅಲ್ಲ. ನನ್ನದು ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಬಲ್ಬು ಮಿನುಗಿಸಲು ಇದರಿಂದ ತೊಂದರೆ ಇಲ್ಲ. ಆದರೆ ಸೀಸ್ಮೋಗ್ರಾಫಿನಲ್ಲಿ ಸಮಯ ತಪ್ಪಿದರೆ ನಿಮ್ಮ ಹತ್ತಿರ ಇರುವುದು ಒಂದು ಚೆಂದದ ಗೀಚು, ಅಷ್ಟೇ. ಯಾವ ಭೂಕಂಪದ್ದು ಅಂತ ಹೇಗೆ ಹೇಳುತ್ತೀರಿ? ಡಿಎಸ್3231 ಅನ್ನುವ ಸಣ್ಣ ಗಡಿಯಾರದ ಬೋರ್ಡ್ ಹಾಕಿದೆ. ಅದು ವರ್ಷಕ್ಕೆ ಒಂದು ನಿಮಿಷದಷ್ಟು ತಪ್ಪಿದರೆ ಜಾಸ್ತಿ. ಅದರ ಬೆನ್ನಿಗೆ ನಾಣ್ಯದಂಥ ಬ್ಯಾಟರಿ ಇದೆ, ಕರೆಂಟ್ ಹೋದರೂ ಸಮಯ ಹೋಗುವುದಿಲ್ಲ. ನಮ್ಮ ಮಳೆಗಾಲಕ್ಕೆ ಇದು ಎಷ್ಟು ಮುಖ್ಯ ಅಂತ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ.

ಸಮಯದ ಬಗ್ಗೆ ಒಂದು ಅಡ್ಡ ಮಾತು. ಗಡಿಯಾರ ತಪ್ಪಿದ್ದರೂ ಒಂದು ವಿಷಯ ಮಾತ್ರ ಉಳಿಯುತ್ತದೆ. ಭೂಕಂಪದಿಂದ ಮೊದಲು ಬರುವುದು ಪಿ ಅಲೆ, ಹಿಂದಿನಿಂದ ನಿಧಾನವಾಗಿ ಎಸ್ ಅಲೆ. ಎರಡರ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿ ಎಂಟರಿಂದ ಗುಣಿಸಿದರೆ ಸುಮಾರಾಗಿ ಅಷ್ಟು ಕಿಲೋಮೀಟರ್ ದೂರ. ಮಿಂಚು ಕಂಡು ಗುಡುಗಿಗೆ ಎಣಿಸುತ್ತೇವಲ್ಲ, ಹಾಗೇ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆಯಿತು, ಕೊಯ್ನಾ ನಮ್ಮಿಂದ 460 ಕಿಲೋಮೀಟರ್ ಚಿಲ್ಲರೆ. ಆಗ ನಮ್ಮ ಹಟ್ಟಿಯಲ್ಲಿ ಈ ಗೇಟು ಇದ್ದಿದ್ದರೆ ಎರಡು ಅಲೆಗಳ ನಡುವೆ ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ ಸಿಗುತ್ತಿತ್ತು. ಇದ್ದದ್ದು ದನ.

ಎಲ್ಲ ಜೋಡಿಸಿ ಗಾಳಿ ತಾಗದ ಹಾಗೆ ಮೀನಿನ ಥರ್ಮೋಕೋಲ್ ಪೆಟ್ಟಿಗೆಗಳನ್ನು ಕತ್ತರಿಸಿ ಮುಚ್ಚಳ ಮಾಡಿದೆ. ಎಷ್ಟು ತೊಳೆದರೂ ಬಂಗುಡೆ ವಾಸನೆ ಹೋಗಲಿಲ್ಲ. ಹಟ್ಟಿಗೆ ಬೆಕ್ಕುಗಳ ಓಡಾಟ ಜಾಸ್ತಿಯಾಯಿತು. ಬೆಕ್ಕು ಪೆಟ್ಟಿಗೆಯ ಹತ್ತಿರ ಬಂದು ಕೂತರೂ ಗೆರೆ ಒಂದು ಬದಿಗೆ ಸರಿಯುತ್ತದೆ, ನಾನು ಹೋಗಿ ನಿಂತರಂತೂ ಕೇಳುವುದೇ ಬೇಡ. ನೆಲ ಗಟ್ಟಿ ಅಂತ ನಮಗೆ ಕಾಣುವುದು ಅಷ್ಟೇ, ಒಬ್ಬ ಮನುಷ್ಯನ ಭಾರಕ್ಕೆ ಸಿಮೆಂಟ್ ನೆಲವೂ ಕೂದಲಷ್ಟು ವಾಲುತ್ತದೆ. ಪಕ್ಕದ ಮನೆಯವರು ಕಂಪೌಂಡ್ ಕಟ್ಟಲು ಒಂದು ಲಾರಿ ಕೆಂಪು ಕಲ್ಲು ಇಳಿಸಿದ ದಿನ ಸಲಾಕೆ ಮೂರು ಮಿಲಿಮೀಟರ್ ಸರಿದು ಹೋಗಿತ್ತು, ಮತ್ತೆ ಸ್ಕ್ರೂ ತಿರುಗಿಸಿ ನಡುವಿಗೆ ತಂದೆ. ಬೆಳಿಗ್ಗೆ ಏಳಕ್ಕೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಪೆಟ್ಟು. ತೆಂಗಿನಕಾಯಿ ಬಿದ್ದರೆ ಒಂದೇ ಚೂಪು ಮುಳ್ಳು. ಆ ಮುಳ್ಳು ನೋಡಿ ಹೋಗಿ ಕಾಯಿ ಹೆಕ್ಕಿಕೊಂಡು ಬಂದದ್ದೂ ಉಂಟು.

ಜೇಡನ ಬಗ್ಗೆ ಹೇಳಲೇಬೇಕು. ಒಂದು ವಾರ ಗೆರೆ ಸತ್ತ ಹಾಗೆ ನೆಟ್ಟಗೆ ಬಂತು. ಏನು ಮಾಡಿದರೂ ಅಲುಗಾಟ ಇಲ್ಲ. ಮುಚ್ಚಳ ತೆಗೆದರೆ ಸಲಾಕೆಗೂ ಚೌಕಟ್ಟಿಗೂ ನಡುವೆ ಅಚ್ಚುಕಟ್ಟಾಗಿ ಬಲೆ. ಆ ನೂಲುಗಳು ಎರಡೂವರೆ ಕಿಲೋ ಸೀಸವನ್ನು ಹಿಡಿದು ನಿಲ್ಲಿಸಿದ್ದವು. ತಾಮ್ರದ ಹಂಡೆಗಿಂತ ಒಳ್ಳೆಯ ಬ್ರೇಕ್. ಈಗ ಪ್ರತಿ ಭಾನುವಾರ ಜೇಡ ಬಿಡಿಸುವ ಕೆಲಸ.

ಇಷ್ಟೆಲ್ಲ ಆದ ಮೇಲೂ ಭೂಕಂಪ ಸಿಕ್ಕಿರಲಿಲ್ಲ. ಸಿಕ್ಕಿದ್ದು ಇನ್ನೊಂದು. ರಾತ್ರಿ ಎರಡು ಗಂಟೆಗೆ, ಎಲ್ಲ ಮಲಗಿದ ಮೇಲೆ, ಬೆಕ್ಕೂ ಇಲ್ಲದಾಗ, ಗೆರೆ ನೆಟ್ಟಗೆ ಬರಬೇಕಿತ್ತು. ಬರುತ್ತಿರಲಿಲ್ಲ. ಐದು ಆರು ಸೆಕೆಂಡಿಗೆ ಒಂದರಂತೆ ನುಣ್ಣಗಿನ ಅಲೆ, ಸ್ವಲ್ಪ ಹೊತ್ತು ದೊಡ್ಡದಾಗಿ, ಸ್ವಲ್ಪ ಹೊತ್ತು ಸಣ್ಣದಾಗಿ, ಉಸಿರಾಡಿದ ಹಾಗೆ. ಸರ್ಕಿಟ್ಟಿನದೇ ದೋಷ ಅಂತ ತಿಂಗಳುಗಟ್ಟಲೆ ಅದನ್ನು ತೆಗೆಯಲು ಹೆಣಗಿದೆ. ಕೆಪಾಸಿಟರ್ ಬದಲಿಸಿದೆ. ಸುರುಳಿಯ ತಂತಿ ಕಳಚಿ ಬರೀ ರೆಸಿಸ್ಟರ್ ಹಾಕಿ ನೋಡಿದೆ, ಅಲೆ ಮಾಯ. ಅಂದರೆ ಸರ್ಕಿಟ್ಟಿನದ್ದಲ್ಲ, ಲೋಲಕದಿಂದಲೇ ಬರುತ್ತಿದೆ. ಮೇ ಕೊನೆಯಲ್ಲಿ ಅದು ಎರಡು ಪಟ್ಟಾಯಿತು. ಜೂನಿನಲ್ಲಿ ನಾಲ್ಕು ಪಟ್ಟು. ಆಗ ಹೊಳೆಯಿತು.

ಅದು ಕಡಲು.

ದಡಕ್ಕೆ ಬಡಿಯುವ ಸದ್ದು ನೆಲದಲ್ಲಿ ಬರುತ್ತದೆ ಅಂತ ನಾನು ಮೊದಲು ತಿಳಿದೆ. ಅಷ್ಟು ಸರಳ ಅಲ್ಲ. ಮಳೆಗಾಲದ ಅರಬ್ಬೀ ಸಮುದ್ರದ ದೊಡ್ಡ ಅಲೆಗಳು ಹತ್ತು ಹನ್ನೆರಡು ಸೆಕೆಂಡಿಗೆ ಒಂದು ಬರುತ್ತವೆ, ನನ್ನ ಗೆರೆಯಲ್ಲಿರುವುದು ಅದರ ಅರ್ಧ. ಯಾಕೆ ಅರ್ಧ? ಎದುರು ಬದುರಾಗಿ ಬರುವ ಎರಡು ಅಲೆಗಳು ಸೇರಿದಾಗ ನೀರಿನ ಒತ್ತಡ ಅಲೆಯ ಎರಡು ಪಟ್ಟು ವೇಗದಲ್ಲಿ ಏರಿ ಇಳಿಯುತ್ತದೆ, ಮತ್ತು ಆ ಒತ್ತಡ ಆಳಕ್ಕೆ ಹೋದರೂ ಕಡಿಮೆಯಾಗದೆ ಕಡಲ ತಳವನ್ನೇ ತಟ್ಟುತ್ತದೆ. ಇದನ್ನು ಲಾಂಗೆಟ್-ಹಿಗಿನ್ಸ್ ಅನ್ನುವ ಬ್ರಿಟಿಷ್ ಗಣಿತಜ್ಞ 1950ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನನಗೆ ಇನ್ನೂ ಖುಷಿ ಕೊಟ್ಟದ್ದು ಬೇರೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1930ರಲ್ಲಿ, ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಸುಧಾಂಶು ಕುಮಾರ್ ಬ್ಯಾನರ್ಜಿಯವರು ಇದೇ ಸಣ್ಣ ನಡುಕಗಳನ್ನು ಅಳೆದು, ಭಾರತದ ಕಡಲುಗಳ ಮುಂಗಾರಿಗೂ ಬಿರುಗಾಳಿಗೂ ಇವಕ್ಕೂ ಇರುವ ನಂಟನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಅದೇ ಅರಬ್ಬೀ ಸಮುದ್ರ. ತೊಂಬತ್ತು ವರ್ಷ ಹಳೆಯ ವಿಷಯವನ್ನು ನಾನು ಕೆಪಾಸಿಟರ್ ಬದಲಿಸಿ ಓಡಿಸಲು ನೋಡುತ್ತಿದ್ದೆ.

ಪಕ್ಕದ ಮನೆಯ ಅಣ್ಣ ಬೋಟಿನಲ್ಲಿ ಹೋಗುವವರು. ಒಂದು ದಿನ ಹಟ್ಟಿಗೆ ಇಣುಕಿ ತುಳುವಿನಲ್ಲಿ "ಉಂದು ದಾದ?" (ಇದೇನು?) ಅಂದರು. ತೋರಿಸಿದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ, ಅವರಿಗೂ ಪುರುಸೊತ್ತು. ಹಿಂದಿನ ಹತ್ತು ದಿನದ ಗೆರೆಗಳನ್ನು ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಇಟ್ಟೆ. ಅವರು ತಾರೀಕು ನೋಡದೆ ಎರಡು ದಿನಗಳ ಮೇಲೆ ಬೆರಳಿಟ್ಟು, ಈ ದಿನ ಕಡಲು ತುಂಬ ಏರಿತ್ತು, ಇದು ಇಳಿದ ದಿನ ಅಂತ ಹೇಳಿದರು. ಸರಿಯಿತ್ತು. ಸರಿ ಇರಲೇಬೇಕಲ್ಲ, ಆದರೂ ನನಗೆ ರೋಮಾಂಚನ ಆಯಿತು. ಅವರಿಗೆ ಏನೂ ವಿಶೇಷ ಅನ್ನಿಸಲಿಲ್ಲ. "ಇದು ನೋಡಲಿಕ್ಕೆ ಮಿಷನ್ ಯಾಕೆ, ಬೀಚಿಗೆ ಹೋದರೆ ಆಯ್ತಲ್ಲ" ಅಂದರು.

ಇನ್ನು ಭೂಕಂಪಕ್ಕೆ ಬರುತ್ತೇನೆ, ಅದೂ ಒಂದು ಪೆದ್ದು ಕೆಲಸದ ಕಥೆಯೇ. 2025ರ ಮಾರ್ಚಿನಲ್ಲಿ ಕಡಲು ತಣ್ಣಗಿತ್ತು, ಗೆರೆಯಲ್ಲಿ ಏನೂ ಕಾಣುವುದಿಲ್ಲ ಅಂತ ಆಪ್‌ಆಂಪಿನ ವರ್ಧನೆಯನ್ನು ಇನ್ನೂ ಐದು ಪಟ್ಟು ಏರಿಸಿಟ್ಟಿದ್ದೆ. 28ನೇ ತಾರೀಕು ಶುಕ್ರವಾರ. ಮ್ಯಾನ್ಮಾರಿನ ಮಂಡಾಲೆ ಹತ್ತಿರ 7.7ರ ಭೂಕಂಪ, ನಮ್ಮ ಸಮಯ ಬೆಳಿಗ್ಗೆ 11 ಗಂಟೆ 50 ನಿಮಿಷಕ್ಕೆ. ನಾನು ಆಫೀಸಿನಲ್ಲಿದ್ದೆ, ಸುದ್ದಿ ನೋಡಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಸಂಜೆಯವರೆಗೆ ಒಂದು ವೋಚರೂ ಸರಿಯಾಗಿ ಬರೆಯಲಿಲ್ಲ.

ಮನೆಗೆ ಬಂದು ಮೆಮೊರಿ ಕಾರ್ಡ್ ತೆಗೆದೆ. ಇತ್ತು! 11:55 ದಾಟಿ ಒಂದು ಸಣ್ಣ ತುರಿಕೆ, ಅದು ಪಿ. ನಾಲ್ಕು ನಿಮಿಷ ಬಿಟ್ಟು ಎಸ್, ಗೆರೆ ಎದ್ದಿತು. ಅಲ್ಲಿಂದ ಮುಂದೆ ಗೆರೆಯೇ ಇಲ್ಲ. ಮೇಲೆ 1023, ಕೆಳಗೆ ಸೊನ್ನೆ, ಮೇಲೆ 1023, ಕೆಳಗೆ ಸೊನ್ನೆ. ಕತ್ತರಿಸಿದ ಬೇಲಿಯ ಹಾಗೆ ಅರ್ಧ ಗಂಟೆ. 12 ಗಂಟೆಯ ನಂತರ ಬಂದ ಮೇಲ್ಮೈ ಅಲೆಗಳು, ಇಪ್ಪತ್ತು ಸೆಕೆಂಡಿಗೊಂದು ನಿಧಾನವಾಗಿ ತೂಗುವ ಆ ದೊಡ್ಡ ಚೆಂದದ ಅಲೆಗಳು, ಎರಡೂ ಕಡೆ ತಲೆ ಬಡಿದುಕೊಂಡು ಚಪ್ಪಟೆಯಾಗಿದ್ದವು. ಕಡಲಿನ ಪಿಸುಮಾತು ಕೇಳಲು ಕಿವಿಗೆ ಕಹಳೆ ಹಿಡಿದು ಕೂತವನ ಪಕ್ಕ ಗರ್ನಾಲು ಹೊಡೆದ ಹಾಗೆ. ಮೂರು ವರ್ಷ ಕಾದದ್ದು.

ನಾಲ್ಕು ನಿಮಿಷ ಅಂದರೆ 240 ಸೆಕೆಂಡ್, ಎಂಟರಿಂದ ಗುಣಿಸಿದರೆ 1,920 ಕಿಲೋಮೀಟರ್. ನಿಜವಾಗಿ ಮಂಡಾಲೆ ಇಲ್ಲಿಂದ ಸುಮಾರು 2,400. ಎಂಟರ ಲೆಕ್ಕ ಹತ್ತಿರದ ಭೂಕಂಪಗಳಿಗೆ ಮಾತ್ರ. ದೂರ ಹೋದಷ್ಟೂ ಅಲೆಗಳು ಭೂಮಿಯ ಆಳಕ್ಕೆ ಇಳಿದು, ವೇಗ ಜಾಸ್ತಿ ಇರುವ ದಾರಿಯಲ್ಲಿ ಬರುತ್ತವೆ. ಆಗ ಕೋಷ್ಟಕ ನೋಡಬೇಕು. ಉಡುಪಿಯಲ್ಲಿ ಆ ಹೊತ್ತಿಗೆ ನಮ್ಮ ಸುತ್ತಮುತ್ತ ಯಾರಿಗೂ ಏನೂ ಗೊತ್ತಾಗಲಿಲ್ಲ, ಇಪ್ಪತ್ತು ಸೆಕೆಂಡಿಗೆ ಒಮ್ಮೆ ಹೋಗಿ ಬರುವುದನ್ನು ಮನುಷ್ಯನ ಮೈ ಗುರುತಿಸುವುದಿಲ್ಲ. ಅಲ್ಲಿ ಮಾತ್ರ ಊರಿಗೆ ಊರೇ ಬಿದ್ದಿತ್ತು. ರಾತ್ರಿ ಟಿವಿಯಲ್ಲಿ ಅದನ್ನು ನೋಡುವಾಗ, ಹಾಳಾದ ಗೆರೆಗೆ ಬೇಜಾರು ಮಾಡಿಕೊಂಡು ಕೂತಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಮರುವಾರ ಎಡಿಎಸ್1115 ಅನ್ನುವ 16 ಬಿಟ್ಟಿನ ಚಿಪ್ ತರಿಸಿದೆ. 1,024 ಮೆಟ್ಟಿಲಿನ ಜಾಗದಲ್ಲಿ 65,536. ವರ್ಧನೆ ತಗ್ಗಿಸಿದರೂ ಕಡಲಿನ ಸಣ್ಣ ಅಲೆ ಕಾಣುತ್ತದೆ, ದೊಡ್ಡದು ಬಂದರೆ ತಲೆ ತಾಗದ ಹಾಗೆ ಮಾಡು ಎತ್ತರ ಇದೆ. ಮೊದಲ ದಿನವೇ ಇದನ್ನು ಹಾಕಬೇಕಿತ್ತು, ಹೊಸದಾಗಿ ಮಾಡುವವರು ದಯವಿಟ್ಟು ಊನೋದ ಒಳಗಿನ 10 ಬಿಟ್ಟಿನಲ್ಲಿ ಜಿಪುಣತನ ಮಾಡುತ್ತಾ ಕೂರಬೇಡಿ.

ಜುಲೈ 30, ಆಟಿ ತಿಂಗಳು, ಜಡಿಮಳೆ. ನಮ್ಮ ಸಮಯ ನಸುಕಿನ 4:54ಕ್ಕೆ ರಷ್ಯಾದ ಕಮ್ಚಟ್ಕಾ ಕರಾವಳಿಯಲ್ಲಿ 8.8. ಏಳುವಾಗ ಮೊಬೈಲ್ ತುಂಬ ಸುನಾಮಿಯ ಸುದ್ದಿ. ಚಪ್ಪಲಿ ಹಾಕದೆ ಹಟ್ಟಿಗೆ ಓಡಿದೆ. ಕಡಲು ಎಷ್ಟು ಜೋರಿತ್ತೆಂದರೆ ಗೆರೆ ಮೊದಲೇ ದಪ್ಪ ಹಗ್ಗದ ಹಾಗಿತ್ತು, ಅದರಲ್ಲಿ ಪಿ ಎಲ್ಲಿದೆಯೋ ದೇವರಿಗೇ ಗೊತ್ತು. ಕಾಲು ಗಂಟೆ ದಾಟಿದ ಮೇಲೆ, 5:16ರ ಹತ್ತಿರ, ಎಸ್ ಇರಬಹುದು ಅನ್ನುವಂಥ ಒಂದು ಉಬ್ಬು. ಐದೂವರೆಯ ಆಸುಪಾಸಿನಿಂದ ಆ ಇಡೀ ಹಗ್ಗವೇ ಮೇಲೆ ಕೆಳಗೆ ತೂಗತೊಡಗಿತ್ತು. ಆರು ಸೆಕೆಂಡಿನ ಸರಾಸರಿ ತೆಗೆದು ಕಡಲನ್ನು ಅಳಿಸಿದೆ. ಉಳಿದದ್ದು ನುಣ್ಣಗಿನ, ಉದ್ದದ, ಒಂದರ ಹಿಂದೆ ಒಂದು ಅಲೆಗಳು, ಏಳು ಗಂಟೆ ದಾಟಿದರೂ ಮುಗಿಯದೆ. 8,500 ಕಿಲೋಮೀಟರ್ ದೂರದಿಂದ ಬಂದದ್ದು. ತಲೆ ಎಲ್ಲೂ ತಾಗಿರಲಿಲ್ಲ. ಅಮ್ಮನನ್ನು ಕರೆದು ತೋರಿಸಿದೆ. "ಹಂಡೆ ತುಂಡು ಉಪಯೋಗಕ್ಕೆ ಬಂತಲ್ಲ" ಅಂದರು. ಬಂತು.

ಆದರೆ ಸುಳ್ಯ? ದೊಡ್ಡಮ್ಮ ಈಗಲೂ ಏನಾದರೂ ಗಡಗಡ ಅಂದರೆ ಫೋನ್ ಮಾಡುತ್ತಾರೆ. "ನಿನ್ನ ಮಿಷನಿಗೆ ಬಂತಾ?" ಯಾವಾಗಲೂ ಇಲ್ಲ. ಗುಡುಗೋ, ಕಲ್ಲು ಕೋರೆಯೋ, ನಿಜವಾದ ಕಂಪನವೋ, ಹೇಳುವ ಹಾಗಿಲ್ಲ. ಸಣ್ಣ ಹತ್ತಿರದ ಕಂಪನಗಳು ಸೆಕೆಂಡಿಗೆ ಹತ್ತಾರು ಸಲ ನಡುಗುವಂಥವು, ನನ್ನ ಗೇಟು ಅಷ್ಟು ಚುರುಕಲ್ಲ, ಮೇಲಿಂದ 100 ಮಿಲಿಸೆಕೆಂಡಿನ ಸರಾಸರಿ ತೆಗೆದು ಉಳಿದದ್ದನ್ನೂ ನಾನೇ ಒರೆಸಿ ಹಾಕುತ್ತೇನೆ. ಯಾವುದಕ್ಕೆ ಅಂತ ಹೊರಟೆನೋ ಅದಕ್ಕೇ ಆಗದ ಯಂತ್ರ ಮಾಡಿ ಕೂತಿದ್ದೇನೆ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಷ್ಯಾದ್ದು ಗೊತ್ತಾಗ್ತದೆ, ಸುಳ್ಯದ್ದು ಗೊತ್ತಾಗುದಿಲ್ಲ. ಎಂತ ಮಿಷನ್ ಅದು?" ಅಂದರು.

ಹಾಗಾಗಿ ಈಗ ಎರಡನೆಯದು. ತೈಲ ಹುಡುಕುವವರು ಬಳಸುವ 4.5 ಹರ್ಟ್ಸ್ ಜಿಯೋಫೋನ್, ಅಂದರೆ ನೆಲದ ಚುರುಕು ನಡುಕ ಹಿಡಿಯುವ ಸಾಧನ, ಒಂದು ತರಿಸಿದ್ದೇನೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಒಳಗೆ ಅದೇ ಸುರುಳಿ, ಅದೇ ಅಯಸ್ಕಾಂತ, ಸಲಾಕೆಯ ಬದಲು ಸ್ಪ್ರಿಂಗು, ಎಲ್ಲ ಕಾರ್ಖಾನೆಯಲ್ಲೇ ಮುಚ್ಚಿ ಬರುತ್ತದೆ. ಸೆಕೆಂಡಿಗೆ 100 ಸಲ ಓದಬೇಕು, ಕೇಂದ್ರ ಎರಡು ಮೂರು ಹರದಾರಿಯಲ್ಲೇ ಇದ್ದರೆ ಪಿ ಮತ್ತು ಎಸ್ ನಡುವೆ ಸಿಗುವುದು ಒಂದೆರಡು ಸೆಕೆಂಡ್ ಮಾತ್ರ. ಸಮಯಕ್ಕೆ ಜಿಪಿಎಸ್ ಹಾಕುತ್ತೇನೆ. ಇದನ್ನು ಉಡುಪಿಯಲ್ಲಿಟ್ಟು ಪ್ರಯೋಜನ ಇಲ್ಲ, ದೊಡ್ಡಮ್ಮನ ಮನೆಯಲ್ಲೇ ಇಡಬೇಕು. ಕೇಳಿದೆ. ಕರೆಂಟ್ ಎಷ್ಟು ಎಳೆಯುತ್ತದೆ ಅಂತ ವಿಚಾರಿಸಿ, ಅಡುಗೆ ಕೋಣೆಯ ಹತ್ತಿರ ಬೇಡ ಅಂತ ಹೇಳಿ, ಅಡಿಕೆ ತುಂಬಿಡುವ ಕೋಣೆಯ ಒಂದು ಮೂಲೆ ಕೊಟ್ಟಿದ್ದಾರೆ. ಮುಚ್ಚಿದ ಡಬ್ಬಿ ಆದ್ದರಿಂದ ಜೇಡನ ಚಿಂತೆ ಇಲ್ಲ. ಅಲ್ಲಿ ಇಲಿಯದ್ದು ಉಂಟಂತೆ.